ಹರಕೆಯ ಹಸಿವು

ನನ್ನ ಮಗಳು ಮೊದಲ ಸಲ "ಇನ್ನೊಂಚೂರು" ಎಂದು ಕೇಳಿದ ದಿನ ನಮ್ಮ ಮನೆಯಲ್ಲಿ ಹಬ್ಬವಾಯಿತು.

ಆಗ ಅವಳಿಗೆ ಮೂರು ವರ್ಷ ತುಂಬಿತ್ತು. ಹೆಸರು ಮಾನಸ, ನಾವು ಕರೆಯುವುದು ಮಾನಿ. ನಮ್ಮತ್ತೆ ಮುನಿಯಮ್ಮ ಅವಳನ್ನು ತೊಡೆಯ ಪಕ್ಕದಲ್ಲಿ ಕೂರಿಸಿಕೊಂಡು, ಹುರುಳಿಕಾಳಿನ ಸಾರಿನಲ್ಲಿ ಮುದ್ದೆ ಅದ್ದಿ ಬಾಯಿಗಿಡುತ್ತಿದ್ದರು. ಅವಳ ಪಾಲಿನದು ಮುಗಿಯಿತು. ಮಾನಿ ಅಜ್ಜಿಯ ತಟ್ಟೆಯ ಕಡೆ ಕೈ ಚಾಚಿದಳು. "ಇನ್ನೊಂಚೂರು." ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರ ಕಣ್ಣಲ್ಲೂ ನೀರು. ಸಂಜೆ ಕೆಲಸದಿಂದ ಬಂದ ನನ್ನ ಗಂಡ ಮಾದೇಶ ವಿಷಯ ಕೇಳಿ ಮತ್ತೆ ಹೊರಗೆ ಹೋಗಿ, ಹೊಸೂರಿನ ಪಕ್ಕದ ನಮ್ಮ ಮತ್ತಿಗಿರಿಯ ಬೇಕರಿಯಿಂದ ಕೇಕ್ ತಂದರು. ಹುಟ್ಟುಹಬ್ಬಕ್ಕೂ ಕೇಕ್ ತರದ ಮನುಷ್ಯ.

ಅಷ್ಟು ಸಂತೋಷ ಯಾಕೆಂದರೆ, ಹುಟ್ಟಿದಾಗ ಈ ಮಗುವಿಗೆ ಹಾಲು ಎಳೆದುಕೊಳ್ಳುವ ಶಕ್ತಿಯೂ ಇರಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋಲುತ್ತಿದ್ದಳು. ಅತ್ತರೆ ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ. ಆಸ್ಪತ್ರೆಯ ನರ್ಸ್ ಒಬ್ಬರು ಪಾಲಾಡೆ ಕೊಟ್ಟರು, ಮೂತಿ ಇರುವ ಪುಟ್ಟ ಬಟ್ಟಲು. ಅದರಲ್ಲಿ ಹಿಂಡಿದ ಹಾಲನ್ನು ತೊಟ್ಟು ತೊಟ್ಟಾಗಿ ಬಾಯಿಗೆ ಬಿಡಬೇಕು, ನುಂಗಿದಳೇ ಎಂದು ಕಾಯಬೇಕು, ಮತ್ತೆ ಬಿಡಬೇಕು. ನಾನು ಫ್ಯಾಕ್ಟರಿ ಕೆಲಸ ಬಿಟ್ಟಿದ್ದೇ ಆ ಬಟ್ಟಲಿನ ಸಲುವಾಗಿ. "ವೀಕ್ ಬೇಬಿ, ಹೋಗಹೋಗ್ತಾ ಸರಿಯಾಗ್ತಾಳೆ" ಎಂದರು ಡಾಕ್ಟರು. ಕತ್ತು ನಿಂತದ್ದು ತಡ, ಕೂತದ್ದು ತಡ, ನಡೆದದ್ದು ಇನ್ನೂ ತಡ. ಬೇಗ ಬಂದದ್ದು ಬಣ್ಣ ಒಂದೇ. ಎರಡೂ ಕಡೆಯವರಲ್ಲಿ ಯಾರಿಗೂ ಇಲ್ಲದ ಬಿಳುಪು. ನೋಡಲು ಬಂದವರೆಲ್ಲ "ಎಷ್ಟು ಕೆಂಪಗವ್ಳೆ" ಎಂದು ಹೇಳಿ ಹೋಗುತ್ತಿದ್ದರು. ಅದೂ ಕಾಯಿಲೆಯ ಗುರುತೇ ಎಂದು ಆಗ ಯಾರಿಗೆ ಗೊತ್ತು?

ಉದ್ದನಪಲ್ಲಿ ನಮ್ಮತ್ತೆಯ ಊರು. ಅಲ್ಲಿನ ಮಾರಮ್ಮನಿಗೆ ಅವರು ಹರಕೆ ಹೊತ್ತಿದ್ದರು. "ಮಗು ಹೊಟ್ಟೆ ತುಂಬ ಉಣ್ಣೋ ಹಂಗೆ ಮಾಡವ್ವ, ನಿಂಗೆ ತಂಬಿಟ್ಟಿನಾರತಿ ಹೊತ್ಕಂಡು ಬತ್ತೀನಿ" ಎಂದು. ಆದ್ದರಿಂದ ಮಾನಿ ಕೈ ಚಾಚಿದ ದಿನ ಅತ್ತೆ ಮೊದಲು ಕೈ ಮುಗಿದದ್ದು ಉದ್ದನಪಲ್ಲಿಯ ದಿಕ್ಕಿಗೆ.

ಆಮೇಲಿನ ಒಂದು ವರ್ಷ ನಮ್ಮಷ್ಟು ಜಂಬದವರು ಮತ್ತಿಗಿರಿಯಲ್ಲಿ ಇರಲಿಲ್ಲ. ಬೇರೆ ತಾಯಂದಿರು ಚಂದಮಾಮ ತೋರಿಸಿ, ಮೊಬೈಲ್ ತೋರಿಸಿ, ಬೀದಿನಾಯಿ ತೋರಿಸಿ ಒಂದು ತುತ್ತು ಇಳಿಸಲು ಒದ್ದಾಡುತ್ತಿದ್ದರೆ, ನನ್ನ ಮಗಳು ದೊಡ್ಡವರ ಮುದ್ದೆ ಮುಗಿಸಿ ತಟ್ಟೆಯನ್ನೂ ನೆಕ್ಕುತ್ತಿದ್ದಳು. "ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ, ನನ್ನ ಮೊಮ್ಮಗಳು ಕೃಷ್ಣಗಿರಿ ಬೆಟ್ಟಾನೇ ಕಿತ್ತಿಡ್ತಾಳೆ ನೋಡ್ತಿರಿ" ಎಂದು ಅತ್ತೆ ಬೀಗುತ್ತಿದ್ದರು. ಅವಳು ಉಣ್ಣುವುದನ್ನು ಮಾದೇಶ ವಿಡಿಯೋ ಮಾಡಿ ಜೊತೆಯವರಿಗೆಲ್ಲ ತೋರಿಸಿದರು. ಬಕಾಸುರಿ ಎಂದು ಬೀದಿಯಲ್ಲಿ ಅಡ್ಡಹೆಸರಾಯಿತು. ಯಾರಿಗೂ ಬೇಜಾರಿರಲಿಲ್ಲ.

ನಮ್ಮ ಕಡೆ ಒಂದು ನಂಬಿಕೆ ಇದೆ. ಮಗು ನೋಡುತ್ತಿರುವಾಗ ಅದಕ್ಕೆ ಕೊಡದೆ ತಿಂದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಬಾಗಿಲಿಗೆ ಬಂದ ಮಗುವನ್ನು ಬರಿಗೈಲಿ ಕಳಿಸುವುದಂತೂ ಇಲ್ಲವೇ ಇಲ್ಲ. ಕನ್ನಡದವರು, ತೆಲುಗಿನವರು, ತಮಿಳಿನವರು ಯಾರೇ ಆಗಲಿ, ಈ ವಿಷಯದಲ್ಲಿ ಬೀದಿಗೆಲ್ಲ ಒಂದೇ ಕಾನೂನು. ಮಾನಿ ಅದನ್ನು ಬಹಳ ಬೇಗ ಕಲಿತಳು. ಎದುರು ಮನೆಯ ಸೆಲ್ವಿ ಅಕ್ಕನ ಬಾಗಿಲಲ್ಲಿ ಹೋಗಿ ನಿಲ್ಲುತ್ತಿದ್ದಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಇಡ್ಲಿ ಬರುತ್ತಿತ್ತು. ಅಲ್ಲಿಂದ ಮುಂದಿನ ಬಾಗಿಲು.

ನನಗೆ ಮೊದಲು ಭಯವಾದದ್ದು ಒಂದು ಮಧ್ಯಾಹ್ನ.

ಊಟ ಮಾಡಿಸಿ ಬಟ್ಟೆ ಒಣಗಹಾಕಲು ಹೋಗಿದ್ದೆ. ಬಂದು ನೋಡಿದರೆ ರಾಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದಾಳೆ. ಮುಖ, ಕೈ, ಎದೆಯೆಲ್ಲ ಹಿಟ್ಟು. ಮಕ್ಕಳು ಹಿಟ್ಟಲ್ಲಿ ಆಡುವುದು ಹೊಸತೇನಲ್ಲ, ನಗು ಬಂತು. ಹತ್ತಿರ ಹೋದೆ. ಅವಳು ಆಡುತ್ತಿರಲಿಲ್ಲ. ಒಣ ಹಿಟ್ಟನ್ನು ಬೊಗಸೆಯಲ್ಲಿ ಬಾಯಿಗೆ ತುಂಬಿ, ಕೆಮ್ಮಿ, ಮತ್ತೆ ತುಂಬುತ್ತಿದ್ದಳು. ಡಬ್ಬಿ ಕಿತ್ತುಕೊಂಡರೆ ಅವಳು ಕಿರುಚಿದ ಕಿರುಚಿಗೆ ಸೆಲ್ವಿ ಅಕ್ಕ ಓಡಿ ಬಂದರು. ಈಗ ತಾನೇ ಹೊಟ್ಟೆ ತುಂಬ ಉಂಡ ಮಗು.

ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕ್ವಾಲಿಟಿ ಚೆಕಿಂಗ್ ಆಗಿತ್ತು. ಎಲ್ಲ ಸರಿ ಕಾಣುವ ಪೀಸಿನಲ್ಲಿ ಏನೋ ಸರಿಯಿಲ್ಲ ಎಂದು ಕೈಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಆ ದಿನದಿಂದ ನನಗೆ ಹಾಗೇ ಆಗತೊಡಗಿತು. ಫ್ರಾಕುಗಳು ಬಿಗಿಯಾಗುತ್ತಿದ್ದವು, ಆದರೆ ಉದ್ದ ಕಮ್ಮಿಯಾಗುತ್ತಿರಲಿಲ್ಲ. ಅಡ್ಡ ಬೆಳೆಯುತ್ತಿದ್ದಳು, ಎತ್ತರ ಬೆಳೆಯುತ್ತಿರಲಿಲ್ಲ. ಸ್ವಲ್ಪ ನಡೆದರೆ ಕೂತುಬಿಡುತ್ತಿದ್ದಳು. ಊರಿಗೆ ಹೋದಾಗ ದನದ ಬೂಸಾ ಬಾಯಿಗೆ ಹಾಕಿಕೊಂಡಳು. ನಾಯಿಗೆ ಹಾಕಿದ ಅನ್ನದ ಮುಂದೆ ನಾಯಿಯ ಜೊತೆ ಕೂತಿದ್ದಳು. ಆಗೆಲ್ಲ ಅವಳ ಮುಖ ನೋಡುತ್ತಿದ್ದೆ. ತಿನ್ನುವ ಮಗುವಿನ ಮುಖದಲ್ಲಿ ಇರಬೇಕಾದ ಖುಷಿ ಅಲ್ಲಿ ಇರುತ್ತಿರಲಿಲ್ಲ. ಏನೋ ಕಳೆದುಕೊಂಡು ಹುಡುಕುವವರ ಗಾಬರಿ ಇರುತ್ತಿತ್ತು.

ಹೊಸೂರಿನ ಒಬ್ಬ ಡಾಕ್ಟರು ಹುಳದ ಔಷಧಿ ಬರೆದರು. ಇನ್ನೊಬ್ಬರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ನೀವೇ ತಿನ್ನಿಸಿ ತಿನ್ನಿಸಿ ಹಿಂಗೆ ಮಾಡಿಟ್ಟು ನಮ್ಮನ್ನ ಕೇಳಿದ್ರೆ?" ಎಂದರು. ಮೈಯೆಲ್ಲ ಉರಿಯಿತು, ಆದರೆ ಡಾಕ್ಟರಿಗೆ ಎದುರಾಡುವ ಅಭ್ಯಾಸ ನಮಗಿಲ್ಲ. ಅತ್ತೆಯ ಪ್ರಕಾರ ಊರ ಕಣ್ಣು ತಾಕಿತ್ತು. ಮೆಣಸಿನಕಾಯಿ ಸುತ್ತಿ ಒಲೆಗೆ ಹಾಕಿದರು. "ಹರಕೆ ತೀರಿಸ್ದೆ ಇಟ್ಕಂಡಿದೀವಲ್ಲ, ಅದುಕ್ಕೇ ಹಿಂಗೆ. ಈ ಸಲ ಆರತಿ ಹೊತ್ತುಬುಡೋಣ" ಎಂದರು.

ಊರಿನ ಆರತಿಯ ದಿನ ಬಂತು. ಉದ್ದನಪಲ್ಲಿಗೆ ಎಲ್ಲರೂ ಹೋದೆವು. ಅಕ್ಕಿ ಹಿಟ್ಟು, ಬೆಲ್ಲದ ಪಾಕ, ಕಾಯಿ ಹಾಕಿ ಅತ್ತೆ ತಾವೇ ತಂಬಿಟ್ಟು ಕಲಸಿದರು. ಅದರ ನೆತ್ತಿಯಲ್ಲಿ ದೀಪ, ಸುತ್ತ ಹೂವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಂಗಸರೆಲ್ಲ ತಟ್ಟೆ ತಲೆಯ ಮೇಲೆ ಹೊತ್ತು ಗುಡಿಗೆ ಹೋಗಿ, ಬೆಳಗಿ ಬಂದೆವು. ಅತ್ತೆಯ ಮುಖದಲ್ಲಿ ಭಾರ ಇಳಿದ ಕಳೆ. ಆರತಿಯಾದ ಮೇಲೆ ತಂಬಿಟ್ಟು ಮುರಿದು ಮನೆಮನೆಗೂ ಹಂಚುವುದು ಪದ್ಧತಿ. ಯಾರ ಹರಕೆಯೋ ಆ ಮಗುವಿಗೆ ಮೊದಲ ಪಾಲು. ಒಬ್ಬೊಬ್ಬರೂ ಮಾನಿಯನ್ನು ಕರೆದು ಕರೆದು ಕೊಟ್ಟರು. "ಉಣ್ಣದಿದ್ದ ಮಗೂನ ಮಾರಮ್ಮ ಎಂಗೆ ಮಾಡವ್ಳೆ ನೋಡು" ಎಂದು ಕೆನ್ನೆ ಸವರಿದರು. ನಾನು ನೆಂಟರಿಗೆ ಊಟ ಬಡಿಸುತ್ತಿದ್ದೆ. ಮಗು ಮನೆತುಂಬ ಜನರ ನಡುವೆಯೇ ಇತ್ತು. ಅಷ್ಟು ಜನರ ನಡುವೆ ಮಗುವಿಗೆ ಏನಾದೀತು?

ಅವಳು ಸಿಕ್ಕಿದ್ದು ಹಿಂದಿನ ಕೋಣೆಯಲ್ಲಿ, ಹಂಚಲು ಮುಚ್ಚಿಟ್ಟಿದ್ದ ತಂಬಿಟ್ಟಿನ ತಟ್ಟೆಯ ಪಕ್ಕದಲ್ಲಿ.

ತಟ್ಟೆ ಖಾಲಿಯಾಗಿತ್ತು.

ಅಳುತ್ತಿರಲಿಲ್ಲ. ಹೊಟ್ಟೆ ಉಬ್ಬಿ, ಬೆರಳಿಟ್ಟರೆ ಬಿಗಿದ ತಮಟೆಯ ಹಾಗಿತ್ತು. "ನೋವಾಯ್ತದಾ ಕಂದ?" ಎಂದರೆ ಇಲ್ಲ ಎಂದು ತಲೆಯಾಡಿಸಿದಳು. ಹಣೆಯಲ್ಲಿ ಬೆವರು. ಆಮೇಲೆ ವಾಂತಿ ಮಾಡಿದಳು. ಹುಟ್ಟಿದಾಗಿನಿಂದ ಒಂದು ಸಲವೂ ವಾಂತಿ ಮಾಡಿದ ಮಗು ಅಲ್ಲ ಅದು, ಎಂಥ ಜ್ವರ ಬಂದಾಗಲೂ ಮಾಡಿರಲಿಲ್ಲ. "ಎತ್ರೀ, ಗಾಡಿ ನೋಡ್ರೀ" ಎಂದು ಕೂಗಿದೆ. ಪಕ್ಕದ ಮನೆಯವರ ಟೊಮ್ಯಾಟೊ ಸಾಗಿಸುವ ಟೆಂಪೋ ಇತ್ತು. ಅದರ ಮುಂದಿನ ಸೀಟಿನಲ್ಲಿ ಅವಳನ್ನು ಮಡಿಲಲ್ಲಿಟ್ಟುಕೊಂಡು ಹೊಸೂರಿಗೆ ಹೊರಟೆ. ಮಾದೇಶ, ಅತ್ತೆ ಬೈಕಿನಲ್ಲಿ ಹಿಂದೆ. ದಾರಿಯುದ್ದಕ್ಕೂ ಅವಳ ತುಟಿ ಬಿಳಿಚಿಕೊಳ್ಳುತ್ತಾ ಬಂತು. ನಾನು ಯಾವ ದೇವರನ್ನೂ ಕರೆಯಲಿಲ್ಲ. ಮಾನಿ, ಮಾನಿ ಎಂದಷ್ಟೇ ಕರೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದರು, ಕೈಗೆ ಡ್ರಿಪ್ ಹಾಕಿದರು. ಸರ್ಜನ್‌ಗೆ ಫೋನ್ ಹೋಯಿತು. ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು, ತಮಿಳಿನವರು. ತಮಿಳಿನಲ್ಲೇ ನಿಧಾನವಾಗಿ ಹೇಳಿದರು. ಹೊಟ್ಟೆಯ ಚೀಲ ಅತಿಯಾಗಿ ಹಿಗ್ಗಿದೆ. ಹರಿದರೆ ಆಪರೇಷನ್ ಮಾಡಬೇಕು. ಆಗ ಏನೂ ಹೇಳಲು ಬರುವುದಿಲ್ಲ.

ಹೊಟ್ಟೆ ಹರಿಯುತ್ತದೆ ಎಂಬುದನ್ನು ನಾವು ನಗೆಯ ಮಾತಿನಲ್ಲಿ ಬಿಟ್ಟರೆ ಕೇಳಿದವರಲ್ಲ. ಐಸಿಯು ಬಾಗಿಲ ಹೊರಗೆ ಅತ್ತೆ ನೆಲದ ಮೇಲೆ ಕೂತಿದ್ದರು, ಮುಡಿಯಲ್ಲಿ ಇನ್ನೂ ಆರತಿಯ ಹೂವು.

ಹರಿಯಲಿಲ್ಲ. ಬೆಳಗಾಗುವ ಹೊತ್ತಿಗೆ ಉಬ್ಬರ ಇಳಿಯತೊಡಗಿತು. ಸರ್ಜನ್ ಬಂದು ನೋಡಿ, ಆಪರೇಷನ್ ಬೇಡ ಎಂದು ಹೋದರು. ಮಾನಿ ಕಣ್ಣು ಬಿಟ್ಟವಳು ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಅಮ್ಮಾ, ತಿಂಡಿ."

ನಾನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತೆ.

ಆ ಡಾಕ್ಟರಮ್ಮ ಮೂರನೆಯ ದಿನ ಮಾನಿಯ ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ಕೈಯೊಳಗೆ ಹಿಡಿದು ಬಹಳ ಹೊತ್ತು ನೋಡಿದರು. ವಯಸ್ಸಿಗೆ ಪುಟ್ಟ ಕೈ. ಪಾದವೂ ಪುಟ್ಟದು. ಆಮೇಲೆ ಇದುವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಹುಟ್ಟಿದಾಗ ಹಾಲು ಕುಡಿದಳಾ?" ನಾನು ಬಟ್ಟಲಿನ ಕತೆ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ರಕ್ತ ಬೆಂಗಳೂರಿಗೆ ಹೋಯಿತು, ಜೆನೆಟಿಕ್ ಟೆಸ್ಟ್ ಎಂದರು. ರಿಪೋರ್ಟ್ ಬರುವವರೆಗೆ ನಾವು ಮನೆಯಲ್ಲಿ ಆ ಮಾತೇ ಎತ್ತಲಿಲ್ಲ. ಮಾದೇಶ ಮಾತ್ರ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಇರುತ್ತಿದ್ದರು.

ಪ್ರಾಡರ್-ವಿಲ್ಲಿ ಸಿಂಡ್ರೋಮ್. ಡಾಕ್ಟರು ಎರಡು ಸಲ ಹೇಳಿದರು. ಅಪರೂಪದ್ದು, ಹುಟ್ಟುವ ಮೊದಲೇ ಆಗಿಹೋಗಿರುವಂಥದ್ದು, ಯಾರ ತಪ್ಪೂ ಅಲ್ಲ. ಮೊದಲು ಹಾಲನ್ನೇ ಎಳೆಯದ ಮಗು, ಆಮೇಲೆ ಊಟ ಬಿಡದ ಮಗು, ಎರಡೂ ಒಂದೇ ಕಾಯಿಲೆಯ ಮುಖಗಳು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ದಾರಿ ಅವಳಲ್ಲಿ ಕೆಲಸ ಮಾಡುವುದಿಲ್ಲ. ನೋವೂ ಅವಳಿಗೆ ಬೇಗ ತಿಳಿಯುವುದಿಲ್ಲ. ಬೆಳವಣಿಗೆಗೆ ಇಂಜೆಕ್ಷನ್ ಇದೆ, ಆದರೆ ನಮ್ಮ ಕೈಗೆ ಸಿಗುವ ಯಾವ ಔಷಧಿಯೂ ಹಸಿವಿಗೆ ಇಲ್ಲ.

"ಅಂದ್ರೆ ಊಟ ಮುಗಿಸಿ ಎದ್ದಾಗ?" ಎಂದು ಕೇಳಿದೆ.

"ಆಗಲೂ ಹಸಿದೇ ಇರ್ತಾಳಮ್ಮ."

ಐದು ವರ್ಷ ತುಂಬಿದ ನನ್ನ ಮಗಳು ಆ "ಇನ್ನೊಂಚೂರು" ಎಂದ ದಿನದಿಂದ ಒಂದು ಸಲವೂ ಹೊಟ್ಟೆ ತುಂಬಿ ಎದ್ದಿಲ್ಲ ಎಂದು ನನಗೆ ತಿಳಿದದ್ದು ಹಾಗೆ. ನಾವು ಬೀಗಿದ್ದೆವು. ಅವಳು ಹಸಿದಿದ್ದಳು.

ಇನ್ನು ಮಾಡಬೇಕಾದದ್ದನ್ನು ಡಾಕ್ಟರು ಹೇಳಿದರು. ಊಟಕ್ಕೆ ಗೊತ್ತಾದ ಹೊತ್ತು, ಗೊತ್ತಾದ ಅಳತೆ. ಅದರ ಆಚೆ ಒಂದು ತುತ್ತೂ ಇಲ್ಲ. ಅವಳ ಕಣ್ಣಿಗೆ ತಿನ್ನುವ ವಸ್ತು ಬೀಳಬಾರದು, ಕೈಗೆ ಸಿಗಬಾರದು. ಅಡುಗೆಮನೆಗೆ ಬೀಗ ಹಾಕಬೇಕು.

ನಮ್ಮ ಬಾಡಿಗೆ ಮನೆಯ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಮಾದೇಶ ರಜೆಯ ದಿನ ಬಡಗಿಯನ್ನು ಕರೆಸಿ ಹಾಕಿಸಿದರು. ಬಾಗಿಲಿಗೆ ಚಿಲಕ ಹೊಡೆಯುವಾಗ ಅತ್ತೆ ನೋಡುತ್ತಿದ್ದರು. ಬೀಗ ತಂದಿಟ್ಟಾಗ ಸುಮ್ಮನಿರಲಾಗಲಿಲ್ಲ.

"ಅನ್ನಕ್ಕೆ ಬೀಗ ಹಾಕೋ ಮನೆ ಏನ್ಲಾ ಇದು ಮಾದೇಶ? ನಾಳೆ ಈ ಮನೇಲಿ ಲಕ್ಷ್ಮಿ ನಿಲ್ತಾಳಾ? ಮಾರಮ್ಮ ಕೊಟ್ಟ ಹಸಿವು ಕಣ್ಲಾ ಅದು. ಬೇಡ್ಕಂಡು ಈಸ್ಕಂಡು ಈಗ ಬೇಡ ಅಂತೀರಾ?"

"ಅಮ್ಮ ಕೊಟ್ಟಿದ್ದಾದ್ರೆ ಅಮ್ಮನೇ ಬಂದು ಐಸಿಯು ಮುಂದೆ ಕೂತ್ಕಳ್ಳಲಿ" ಎಂದೆ ನಾನು.

ಅತ್ತೆ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೂ ಪರವಾಗಿರಲಿಲ್ಲ, ಆದರೆ ಅವರ ಸೆರಗಿನ ಗಂಟಿನಲ್ಲಿ ಮಾನಿಗೆಂದು ಬಾಳೆಹಣ್ಣು, ಬನ್ನು ಇರುತ್ತಿದ್ದವು. ಹೊರಗೆ ಬೀದಿ ಬೇರೆ. "ಐಯೋ, ಕುಳಂದೆ ವಂದು ನಿಂದಾ ಇಲ್ಲೇನು ಎಪ್ಪಡಿ ಸೊಲ್ರದು?" ಎಂದರು ಸೆಲ್ವಿ ಅಕ್ಕ. ಮಗು ಬಂದು ನಿಂತರೆ ಇಲ್ಲ ಎಂದು ಹೇಗೆ ಹೇಳಲಿ ಎಂದು ಅವರ ಸಂಕಟ. ನಾನು ಒಬ್ಬೊಬ್ಬರ ಮುಂದೆಯೂ ಕಾಯಿಲೆ ವಿವರಿಸಿದೆ. ಕೇಳಿಸಿಕೊಂಡು, ಅಯ್ಯೋ ಪಾಪ ಎಂದು, ಅದೇ ಪಾಪಕ್ಕೆ ಇನ್ನೊಂದು ಬಿಸ್ಕತ್ತು ಹೆಚ್ಚಿಗೆ ಕೊಟ್ಟರು. ಎಲ್ಲರೂ ಒಳ್ಳೆಯವರು. ನನ್ನ ಮಗಳನ್ನು ಒಳ್ಳೆಯ ಜನ ಸೇರಿಯೇ ಕೊಲ್ಲುತ್ತಾರೆ ಎಂದು ನನಗೆ ಭಯವಾಗುತ್ತಿತ್ತು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆ ತಾವೂ ಬರುತ್ತೇನೆಂದು ಹೊರಟರು. ಡಾಕ್ಟರಮ್ಮನ ಮುಂದೆ ಕೂತವರೇ ಕೇಳಿದರು, "ಒಂದು ತುತ್ತು ಹೆಚ್ಚಿಗೆ ಕೊಟ್ರೆ ಏನಾಯ್ತದಮ್ಮ? ನಮ್ ಸಮಾಧಾನಕ್ಕೆ ಒಂದೇ ತುತ್ತು."

ಡಾಕ್ಟರು ಬೈಯಲಿಲ್ಲ. ಕನ್ನಡ ಅವರಿಗೆ ಅಷ್ಟಾಗಿ ಬರುತ್ತಿರಲಿಲ್ಲ, ಹುಡುಕಿ ಹುಡುಕಿ, ಅಜ್ಜಿ ಎನ್ನಲು ತಮಿಳಿನ ಪಾಟಿಯನ್ನೇ ಬಳಸಿ ಹೇಳಿದರು. "ಆ ತುತ್ತು ಕೊಟ್ಟ ಮೇಲೆ ಅವಳು ಸಾಕು ಅಂತಾಳಾ, ಪಾಟಿ?"

ವಾಪಸು ಬರುವಾಗ ಬಸ್ಸಿನಲ್ಲಿ ಮಾನಿ ಅವರ ತೊಡೆಯ ಮೇಲೆ ಮಲಗಿದ್ದಳು. ಅತ್ತೆ ಕಿಟಕಿಯ ಆಚೆ ನೋಡುತ್ತಾ, ನನಗೆ ಹೇಳಿದ್ದೋ ತಮಗೋ ತಿಳಿಯದ ಹಾಗೆ, "ಸಾಕು ಅಂದಿದ್ದು ನಾನೂ ಕೇಳ್ನಿಲ್ಲ ಕಣಮ್ಮ" ಎಂದರು. ಅವರು ಅಳುವುದನ್ನು ಜನ ನೋಡದಿರಲಿ ಎಂದು ನಾನು ಅಡ್ಡ ಕೂತೆ.

ಮಾರನೆಯ ದಿನ ಅವರು ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು ಬೀದಿಗೆ ಇಳಿದರು. ಮದುವೆಗೆ ಕರೆಯಲು ಹೋಗುವವರ ಹಾಗೆ ಒಂದೊಂದು ಮನೆಯ ಒಳಗೂ ಹೋಗಿ ಕೂತರು. ಕಾಯಿಲೆಯ ಹೆಸರು ಅವರಿಗೆ ಬಾಯಿಗೆ ಬರುವುದಿಲ್ಲ, ಹೇಳಲೂ ಇಲ್ಲ. "ನನ್ನ ಮೊಮ್ಮಗಳು ಬಾಗ್ಲಿಗೆ ಬತ್ತಾಳೆ. ಬರಿಗೈಲಿ ಕಳಿಸ್ಬೇಡಿ. ಒಂದು ಹೂ ಕೊಡಿ, ಇಲ್ಲಾಂದ್ರೆ ಒಂದು ಬಳೆ ಕೊಡಿ. ಬಾಯಿಗೆ ಮಾತ್ರ ಏನೂ ಕೊಡ್ಬೇಡಿ. ಕೊಟ್ರೆ ನನ್ ಮೇಲಾಣೆ." ಇಷ್ಟೇ. ನಾನು ಅಷ್ಟು ವಿವರಿಸಿ ಆಗದ್ದು ಅವರ ಆಣೆಗೆ ಆಯಿತು. ಪದ್ಧತಿಯೂ ಉಳಿಯಿತು, ಮಗುವೂ ಉಳಿಯಿತು.

ಈಗ ಮಾನಿ ಬೀದಿ ಸುತ್ತಿ ಬಂದರೆ ಕೈಯಲ್ಲಿ ರೋಜಾ ಇರುತ್ತದೆ, ಕನಕಾಂಬರ ಇರುತ್ತದೆ. ಮೊದಮೊದಲು ದಳ ಕಿತ್ತು ಬಾಯಿಗಿಟ್ಟು ಉಗಿದಳು. ಹಠ ಮಾಡಿದಳು, ನೆಲಕ್ಕೆ ಬಿದ್ದು ಹೊರಳಿದಳು, ತನ್ನ ಕೈ ತಾನೇ ಪರಚಿಕೊಂಡಳು. ಆ ಗಾಯಗಳನ್ನು ಇನ್ನೂ ಕೆರೆಯುತ್ತಾಳೆ. ಶಾಲೆಗೆ ಅರ್ಧ ದಿನ ಹೋಗುತ್ತಾಳೆ. ಅಲ್ಲಿ ಮಿಸ್ ಎಲ್ಲರ ಟಿಫನ್ ಬಾಕ್ಸನ್ನೂ ಬೇರೆ ಕೋಣೆಯಲ್ಲಿಡುತ್ತಾರೆ. ಆದರೂ ಅವಳು ಕಣ್ಣಿಗೆ ಮರೆಯಾದ ಹೊತ್ತೆಲ್ಲ ನನ್ನ ಜೀವ ಬಾಯಲ್ಲಿರುತ್ತದೆ. ಮದುವೆಗೆ ಹೋಗುವುದಿಲ್ಲ. ನೆಂಟರು ಹಣ್ಣು ಹಿಡಿದು ಬಂದರೆ ಬಾಗಿಲಲ್ಲೇ ಈಸಿಕೊಂಡು ಮುಚ್ಚಿಡುತ್ತೇನೆ. ನಾವು ಇಲ್ಲದ ಕಾಲಕ್ಕೆ ಇವಳ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬ ಯೋಚನೆ ಬಂದಾಗ ಎದ್ದು ಏನಾದರೂ ಕೆಲಸ ಹಿಡಿಯುತ್ತೇನೆ. ಹೆದರಿಕೆ ಹೋಗಿಲ್ಲ. ಹೋಗುತ್ತದೆಂದು ಡಾಕ್ಟರೂ ಹೇಳಿಲ್ಲ. ತೂಕ ನಿಂತಿದೆ, ಸ್ವಲ್ಪ ಎತ್ತರ ಬಂದಿದೆ, ಅಷ್ಟಕ್ಕೆ ಕೈ ಮುಗಿಯುತ್ತೇನೆ.

ಎಲ್ಲಕ್ಕಿಂತ ನನ್ನನ್ನು ತಿಂದದ್ದು ಆ ಬೀಗ. ಪ್ರತಿ ಸಲ ಅದು ಕ್ಲಿಕ್ ಎಂದಾಗ, ಹಸಿದ ಮಗುವಿನ ಮುಖಕ್ಕೆ ಬಾಗಿಲು ಹಾಕಿದ ತಾಯಿ ನಾನು ಎನಿಸುತ್ತಿತ್ತು. ಅವಳು ದೊಡ್ಡವಳಾದ ಮೇಲೆ ನನ್ನನ್ನು ನೆನೆಯುವುದು ಈ ಶಬ್ದದಿಂದಲೇ ಇರಬೇಕು ಎಂದುಕೊಳ್ಳುತ್ತಿದ್ದೆ.

ಹೋದ ವಾರ ಬೆಳಗ್ಗೆ ಅಡುಗೆ ಮಾಡುತ್ತಿದ್ದಾಗ ಗ್ಯಾಸ್ ಸಿಲಿಂಡರ್ ಬಂತು. ಬೀಗ ಹಾಕದೆ ಹೊರಗೆ ಹೋದೆ. ಸಿಲಿಂಡರಿನವನ ಜೊತೆ ಎರಡು ಮಾತು ಹೆಚ್ಚಾಯಿತು. ಬಾಗಿಲು ತೆರೆದೇ ಇದೆ ಎಂದು ನೆನಪಾದದ್ದೇ ಓಡಿ ಬಂದೆ.

ಮಾನಿ ಅಡುಗೆಮನೆಯ ಹೊಸಿಲಿನ ಈಚೆ ನಿಂತಿದ್ದಳು. ಒಂದು ಕೆನ್ನೆ ಉಬ್ಬಿತ್ತು, ಬೆಲ್ಲದ ಅಚ್ಚು ಒಳಗಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎರಡೂ ಕೈಯಲ್ಲಿ ಬೀಗ ಹಿಡಿದುಕೊಂಡಿದ್ದಳು. ನನ್ನನ್ನು ಕಂಡದ್ದೇ ಅದನ್ನು ಮುಂದೆ ಚಾಚಿದಳು.

"ಹಾಕಮ್ಮ. ಬಾಗ್ಲು ತೆಗ್ದಿದ್ರೆ ನಂಗೆ ಭಯ ಆಯ್ತದೆ."

ನಾನು ಹಾಕಿದೆ. ಅವಳು ಬೀಗವನ್ನು ಹಿಡಿದು ಜಗ್ಗಿ ನೋಡಿದಳು, ಇನ್ನೊಮ್ಮೆ ಜಗ್ಗಿದಳು. ಬಿಗಿಯಾಗಿದೆ ಎಂದು ಖಾತ್ರಿಯಾದ ಮೇಲೆ ನನ್ನ ಸೆರಗಿಗೆ ಮುಖ ಒರೆಸಿಕೊಂಡು ಅಜ್ಜಿಯ ಹತ್ತಿರ ಆಡಲು ಹೋದಳು.